ದಕ್ಷಿಣ ಭಾರತದಲ್ಲಿ ಕ್ಷುದ್ರಗ್ರಹಗಳ ಶೋಧ: 1861–1988

ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿ ಆರ್. ರಾಜಮೋಹನರು 1988ನೆಯ ಇಸವಿ ಫೆಬ್ರವರಿ 17ರಂದು ಕಾವಲೂರಿನ ವೀಕ್ಷಣಾಲಯದಿಂದ ಒಂದು ಕ್ಷುದ್ರಗ್ರಹವನ್ನು ಕಂಡುಹಿಡಿದರು. 4130ನೆಯದಾಗಿ ಎಣಿಕೆಗೆ ಬಂದ ಅದಕ್ಕೆ ಗಣಿತಜ್ಞ ರಾಮಾನುಜನ್ನರ ಹೆಸರನ್ನಿಡಲಾಯಿತು. ಅದಕ್ಕೆ ಹಿಂದೆ ಭಾರತದ ನೆಲದಿಂದ ಇಂತಹ ಕಾಯವೊಂದನ್ನು ಕಂಡವರು ಮದರಾಸಿನ ಎನ್. ಆರ್. ಪಾಗ್ಸನ್, ಕಾಲ 1885ರ ಫೆಬ್ರವರಿ. ನಡುವಣ 103 ವರ್ಷಗಳನ್ನು ನಮ್ಮ ಖಗೋಲವಿಜ್ಞಾನದ ನಿದ್ರಾಕಾಲವೆಂದು ಕರೆದುಬಿಡುವುದು ಸುಲಭ. ಆ ಮಾತು ಎಷ್ಟರಮಟ್ಟಿಗೆ ಸಮಂಜಸವೆಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಕ್ಷುದ್ರಗ್ರಹಗಳು ಬಹುಮಟ್ಟಿಗೆ ಮಂಗಳ ಮತ್ತು ಗುರುಗ್ರಹಗಳ ಪಥಗಳ ನಡುವೆ ಸೂರ್ಯನನ್ನು ಸುತ್ತುವ ಸಣ್ಣ ಕಾಯಗಳು. ಇವುಗಳ ಶೋಧ ಮೊದಲಾದುದು ಇಟಲಿಯಲ್ಲಿ. ಪಲೆರ್ಮೊ ನಗರದಲ್ಲಿ ನಕ್ಷತ್ರಗಳ ಪಟ್ಟಿಯನ್ನು ಸಿದ್ಧಪಡಿಸುತ್ತಿದ್ದ ಪಿಯಾಟ್ಸಿಯವರಿಗೆ 1801ರ ಜನವರಿ 1ರಂದು, ಇಂದು ಕುಬ್ಜಗ್ರಹವೆಂದು ಎಣಿಸಲಾಗುವ ಸಿರೀಸ್ ಗೋಚರಿಸಿತು. ನೇಪಲ್ಸಿನ ಆನ್ನಿಬಾಲೆ ದೆ ಗಾಸ್ಪರಿಸ್ 1849ರಿಂದ 1865ರೊಳಗೆ ಒಂಬತ್ತು ಕ್ಷುದ್ರಗ್ರಹಗಳನ್ನು ಕಂಡರು. ಆಗ ಛಾಯಾಚಿತ್ರದ ನೆರವಿರಲಿಲ್ಲ. ನಕ್ಷತ್ರಪಟವನ್ನು ಮುಂದಿಟ್ಟುಕೊಂಡು, ಅದರಲ್ಲಿಲ್ಲದ ಚುಕ್ಕೆಯೊಂದು ಆಕಾಶದಲ್ಲಿ ಕಂಡರೆ, ಅದು ಮರುದಿನ ಸ್ಥಳಾಂತರಗೊಂಡಿದೆಯೇ ಎಂದು ಕಣ್ಣಿನಿಂದಲೇ ಪರೀಕ್ಷಿಸಬೇಕಾಗಿತ್ತು.

ಇದೇ ಕ್ರಮವನ್ನು ಪಾಗ್ಸನ್ನರು ಮದರಾಸಿಗೆ ತಂದರು. ಅಲ್ಲಿನ ವೇಧಶಾಲೆ 1792ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಆಶ್ರಯದಲ್ಲಿ ನೆಲೆಗೊಂಡಿತ್ತು. 1861ರಲ್ಲಿ ಸರ್ಕಾರಿ ಖಗೋಲಜ್ಞರಾಗಿ ಬಂದ ಅವರು ಆ ವರ್ಷದ ಏಪ್ರಿಲ್ 17ರಂದೇ ಒಂದು ಕ್ಷುದ್ರಗ್ರಹವನ್ನು ಕಂಡು, ಈ ಖಂಡದಿಂದ ದೊರೆತ ಮೊದಲನೆಯದಾದುದರಿಂದ ಅದಕ್ಕೆ ‘ಏಷ್ಯಾ’ ಎಂದು ಹೆಸರಿಟ್ಟರು. 1864ರಲ್ಲಿ ಸ್ಯಾಫೋ, 1866ರಲ್ಲಿ ಸಿಲ್ವಿಯಾ, 1868ರಲ್ಲಿ ಕಮಿಲ್ಲಾ, ಕೊನೆಗೆ 1885ರಲ್ಲಿ ವೇರಾ ದೊರೆತವು. ಅವರ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರ್ಯರು 1867ರಲ್ಲಿ ಒಂದು ಚಂಚಲಕಾಂತಿಯ ನಕ್ಷತ್ರವನ್ನು ಕಂಡುಹಿಡಿದರು. 1874ರ ಶುಕ್ರಸಂಕ್ರಮಣವನ್ನು ಕುರಿತು ಇಂಗ್ಲಿಷಿನಲ್ಲಿಯೂ ದೇಶಭಾಷೆಗಳಲ್ಲಿಯೂ ಜನರಿಗೆ ತಿಳಿಯಹೇಳಿದರು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಮದರಾಸಿನ ಐದು ಶೋಧಗಳಲ್ಲಿ ನಾಲ್ಕು ಮೊದಲ ಎಂಟು ವರ್ಷಗಳಲ್ಲಿಯೇ ನಡೆದವು. ಐದನೆಯದಕ್ಕೆ ಮತ್ತೆ ಹದಿನೇಳು ವರ್ಷ ಹಿಡಿಯಿತು. ಎಂದರೆ, ಅಂತರವು ಪಾಗ್ಸನ್ನರ ಜೀವಿತಕಾಲದಲ್ಲಿಯೇ ಆರಂಭವಾಗಿತ್ತು. ಬೆಟ್ಟದ ನೆಲೆಯೊಂದರಲ್ಲಿ 20 ಅಂಗುಲದ ದೂರದರ್ಶಕ ಬೇಕೆಂದು 1882ರಲ್ಲಿ ಅವರೇ ಸೂಚಿಸಿದ್ದರು. ಆದರೆ ಅಷ್ಟರಲ್ಲಿ ಸರ್ಕಾರದ ಚಿಂತೆ ಬೇರೆಯಾಗಿತ್ತು. ಮದರಾಸು ಪ್ರಾಂತವನ್ನೂ ಮೈಸೂರು ಸಂಸ್ಥಾನವನ್ನೂ ನಡುಗಿಸಿದ 1876–78ರ ಧಾತು-ಈಶ್ವರ ಸಂವತ್ಸರಗಳ ಬರಗಾಲದ ನಂತರ, ಸೂರ್ಯನ ಸ್ಥಿತಿಗೂ ಮಳೆಗೂ ಸಂಬಂಧವಿದೆಯೇ ಎಂಬ ಪ್ರಶ್ನೆ ಪ್ರಬಲವಾಯಿತು. 1899ರಲ್ಲಿ ಕೊಡೈಕನಾಲಿನಲ್ಲಿ ಸ್ಥಾಪಿತವಾದುದು ಸೌರವೀಕ್ಷಣಾಲಯ. ಅಲ್ಲಿ 1909ರಲ್ಲಿ ಎವರ್ಷೆಡ್ಡರು ಸೂರ್ಯಕಲೆಗಳಲ್ಲಿನ ಅನಿಲಪ್ರವಾಹವನ್ನು ಕಂಡುಹಿಡಿದು ಲೋಕವಿಖ್ಯಾತರಾದರು. ಇದನ್ನು ನಿದ್ರೆಯೆನ್ನಲು ಸಾಧ್ಯವಿಲ್ಲ. ದೃಷ್ಟಿ ರಾತ್ರಿಯಿಂದ ಹಗಲಿಗೆ ತಿರುಗಿತೆನ್ನಬೇಕು.

ಎರಡನೆಯ ಕಾರಣ ಉಪಕರಣದ್ದು. ಪಾಗ್ಸನ್ನರು ತೀರಿಕೊಂಡ 1891ರಲ್ಲಿಯೇ ಜರ್ಮನಿಯ ಮ್ಯಾಕ್ಸ್ ವೋಲ್ಫ್ ಛಾಯಾಫಲಕದ ಮೂಲಕ ಮೊದಲ ಬಾರಿಗೆ ಕ್ಷುದ್ರಗ್ರಹವೊಂದನ್ನು ಹಿಡಿದರು. ಅಲ್ಲಿಂದಾಚೆಗೆ ಬರಿಗಣ್ಣಿನ ತಾಳ್ಮೆಯೊಂದೇ ಸಾಲದಾಯಿತು. ವಿಸ್ತಾರವಾದ ಆಕಾಶಭಾಗವನ್ನು ಒಮ್ಮೆಗೇ ಸೆರೆಹಿಡಿಯುವ ದೂರದರ್ಶಕ ಅವಶ್ಯವಾಯಿತು.

ಈ ಕೊರತೆ ನೀಗಿದ್ದು ಸ್ವಾತಂತ್ರ್ಯಾನಂತರ. 1960ರಲ್ಲಿ ಕೊಡೈಕನಾಲಿನ ನಿರ್ದೇಶಕರಾದ ಎಂ. ಕೆ. ವೈನು ಬಾಪ್ಪು ಅವರು ಜವ್ವಾದಿ ಬೆಟ್ಟಗಳ ಕಾವಲೂರಿನಲ್ಲಿ ರಾತ್ರಿವೀಕ್ಷಣೆಗೆ ನೆಲೆ ಕಲ್ಪಿಸಿದರು. ಭಾರತೀಯ ಖಭೌತ ಸಂಸ್ಥೆ 1971ರಲ್ಲಿ ಸ್ವಾಯತ್ತವಾಗಿ, ಅನಂತರ ಬೆಂಗಳೂರನ್ನು ಕೇಂದ್ರವಾಗಿ ಮಾಡಿಕೊಂಡಿತು. ವಿಶಾಲ ದೃಷ್ಟಿಕ್ಷೇತ್ರದ ಷ್ಮಿಟ್ ದೂರದರ್ಶಕವು ಕಾವಲೂರಿಗೆ ಬಂದ ಮೇಲೆ ‘ಕಲ್ಕಿ’ ಎಂಬ ಅನ್ವೇಷಣ ಯೋಜನೆ ಆರಂಭವಾಯಿತು. ಅದುವರೆಗೆ ನಕ್ಷತ್ರಗಳ ಆವರ್ತನವನ್ನು ಅಭ್ಯಸಿಸಿದ್ದ ರಾಜಮೋಹನರು ಅದರ ಮುಖ್ಯರಾದರು. ಒಂದೇ ಆಕಾಶಭಾಗದ ಚಿತ್ರಗಳನ್ನು ಕಾಲಾಂತರದಲ್ಲಿ ತೆಗೆದು ಹೋಲಿಸಿದರೆ, ನಕ್ಷತ್ರಗಳು ಇದ್ದಲ್ಲಿಯೇ ಇದ್ದು, ಕ್ಷುದ್ರಗ್ರಹ ಮಾತ್ರ ಸರಿದಿರುತ್ತದೆ.

‘ಮೊದಲನೆಯದು’ ಎಂಬ ಪದವನ್ನೂ ಇಲ್ಲಿ ಎಚ್ಚರಿಕೆಯಿಂದ ಬಳಸಬೇಕು. ಸಂಸ್ಥೆಯ ನಿರ್ದೇಶಕರಾಗಿದ್ದ ಜೆ. ಸಿ. ಭಟ್ಟಾಚಾರ್ಯರ ಹೆಸರನ್ನು ಪಡೆದ ಕಾಯವು 1988ರ ಜನವರಿಯಲ್ಲಿಯೇ ಕಂಡಿತ್ತು. ಆದರೆ ಅದರ ಸಂಖ್ಯೆ 8348. ಪಥವು ನಿಶ್ಚಿತವಾದ ಹೊರತು ಸಂಖ್ಯೆ ದೊರೆಯದು. ಆದುದರಿಂದ ಕಂಡ ಕ್ರಮವೇ ಬೇರೆ, ಎಣಿಕೆಯ ಕ್ರಮವೇ ಬೇರೆ.

ಮೇಲಿನ ಸಂಗತಿಗಳಿಂದ ಸಿದ್ಧವಾಗುವುದಿಷ್ಟು: ಶೋಧಗಳ ಪಟ್ಟಿಯಲ್ಲಿನ ತೆರಪು ಪ್ರತಿಭೆಯ ತೆರಪಲ್ಲ. ಯಾವ ಪ್ರಶ್ನೆಗೆ ರಾಜ್ಯವು ಹಣ ಒದಗಿಸಿತು, ಯಾವ ಉಪಕರಣ ಯಾರ ಕೈಗೆ ಬಂತು ಎಂಬುದನ್ನು ವಿಚಾರಿಸದೆ ವಿಜ್ಞಾನಿಗಳ ಹೆಸರುಗಳನ್ನಷ್ಟೇ ಪೋಣಿಸಿದರೆ ಅದು ಚರಿತ್ರೆಯಾಗದು. ವಿಜ್ಞಾನದ ಇತಿಹಾಸವನ್ನು ಬೋಧಿಸುವವರೂ ಕಲಿಯುವವರೂ ಈ ತೆರಪುಗಳನ್ನು ಶೋಧಗಳಷ್ಟೇ ಶ್ರದ್ಧೆಯಿಂದ ಅಭ್ಯಸಿಸುವುದು ಉಚಿತ.