ಮಿಲು ಸಾರಂಗದ ಪುನರಾಗಮನ

ಮೃಗಾಲಯವೆಂದರೆ ಮಕ್ಕಳನ್ನು ಕರೆದೊಯ್ದು ವಿನೋದದಿಂದ ಹೊತ್ತುಕಳೆಯುವ ತಾಣವೆಂಬುದು ಸಾಮಾನ್ಯರ ಭಾವನೆ. ಆದರೆ ತನ್ನ ನಾಡಿನಲ್ಲಿ ನಿರ್ವಂಶವಾದ ಪ್ರಾಣಿಯೊಂದು ಪರದೇಶದ ಮೃಗಾಲಯಗಳಲ್ಲಿ ಉಳಿದು, ಮರಳಿ ತವರನ್ನು ಸೇರಿದುದೂ ಉಂಟು. ಚೀನಾ ದೇಶದ ಮಿಲು ಸಾರಂಗದ ಚರಿತ್ರೆಯು ಇದಕ್ಕೆ ನಿದರ್ಶನವಾಗಿದೆ.

ಕೊಂಬು ಸಾರಂಗದಂತೆ, ಕತ್ತು ಒಂಟೆಯಂತೆ, ಗೊರಸು ಹಸುವಿನಂತೆ, ಬಾಲ ಕತ್ತೆಯಂತೆ. ಆದರೂ ಇದು ಆ ನಾಲ್ಕರಲ್ಲಿ ಒಂದೂ ಅಲ್ಲವೆಂದು ಚೀನೀಯರು ಹೇಳುತ್ತಿದ್ದರು. ಜೌಗುನೆಲದ ಈ ಮೃಗವು ಕಾಡಿನಲ್ಲಿ ಎಂದೋ ಇಲ್ಲವಾಗಿ, ಬೀಜಿಂಗ್ ನಗರದ ದಕ್ಷಿಣಕ್ಕಿದ್ದ ನಾನ್‌ಹೈಜಿ ಎಂಬ ಚಕ್ರವರ್ತಿಗಳ ಬೇಟೆಯ ವನದಲ್ಲಿ ಮಾತ್ರ ಉಳಿದಿದ್ದಿತು. ಪರರಿಗೆ ಅಲ್ಲಿ ಪ್ರವೇಶವಿರಲಿಲ್ಲ. 1865ರಲ್ಲಿ ಫ್ರಾನ್ಸಿನ ಪಾದ್ರಿಯೂ ಪ್ರಕೃತಿಶಾಸ್ತ್ರಜ್ಞನೂ ಆದ ಆರ್ಮಾಂ ದಾವಿದನು ಗೋಡೆಯಾಚೆಗೆ ಇಣಿಕಿ ಈ ಮಂದೆಯನ್ನು ಕಂಡನು. ಮುಂದಿನ ವರ್ಷಗಳಲ್ಲಿ ಕೆಲವು ಸಾರಂಗಗಳು ಯೂರೋಪಿನ ಮೃಗಾಲಯಗಳನ್ನು ಸೇರಿದುವು.

1895ರ ಪ್ರವಾಹದಲ್ಲಿ ವನದ ಗೋಡೆಯೊಡೆದು ಮೃಗಗಳು ಹೊರಬಿದ್ದುವು. ಹಸಿದ ಜನರು ಅವುಗಳನ್ನು ಕೊಂದು ತಿಂದರು. ಅಳಿದುಳಿದವು 1900ರ ಬಾಕ್ಸರ್ ದಂಗೆಯ ಕಾಲದಲ್ಲಿ ಸೈನಿಕರ ಪಾಲಾದುವು.

ಯೂರೋಪಿನಲ್ಲಿದ್ದವಾದರೋ ಇಲ್ಲೊಂದು ಅಲ್ಲೆರಡು ಎಂಬಂತೆ ಚದರಿದ್ದುವು. ಪ್ರತಿಯೊಂದು ಮೃಗಾಲಯವೂ ತನ್ನಲ್ಲಿದ್ದುದನ್ನು ತನ್ನದೆಂದೇ ಇಟ್ಟುಕೊಂಡಿದ್ದರೆ ಕುಲವು ಅಲ್ಲಲ್ಲಿಯೇ ಮುಗಿಯುತ್ತಿದ್ದಿತು. ಬೆಡ್‌ಫರ್ಡಿನ ಹನ್ನೊಂದನೆಯ ಡ್ಯೂಕನು ಪ್ಯಾರಿಸ್, ಬರ್ಲಿನ್ ಮೊದಲಾದ ಕಡೆಗಳಿಂದ 18 ಸಾರಂಗಗಳನ್ನು ಪಡೆದು, ಇಂಗ್ಲೆಂಡಿನ ವೋಬರ್ನ್ ಎಂಬಲ್ಲಿ ತನ್ನ ವಿಶಾಲವಾದ ಉಪವನದಲ್ಲಿ ಒಂದುಗೂಡಿಸಿದನು. ಇಂದು ಬದುಕಿರುವ ಮಿಲುಗಳೆಲ್ಲವೂ ಈ ಮಂದೆಯ ಸಂತತಿಯೇ. ಆದರೆ ಮೊದಲನೆಯ ಮಹಾಯುದ್ಧದಲ್ಲಿ ಮೇವಿನ ಅಭಾವದಿಂದ ಮಂದೆಯು ಕ್ಷೀಣಿಸಿತು. ಸರ್ವಸ್ವವೂ ಒಂದೇ ಎಡೆಯಲ್ಲಿರುವುದು ಕ್ಷೇಮವಲ್ಲವೆಂದರಿತು, ಎರಡನೆಯ ಮಹಾಯುದ್ಧದ ತರುವಾಯ ಇದರ ಸಂತಾನವನ್ನು ಅನ್ಯ ಮೃಗಾಲಯಗಳಿಗೆ ಹಂಚಿದರು. ಕೂಡಿಸಿದುದರಿಂದ ಕುಲವು ಬೆಳೆಯಿತು, ಹಂಚಿದುದರಿಂದ ಭದ್ರವಾಯಿತು.

1985ರಲ್ಲಿ ವೋಬರ್ನಿನಿಂದ 20 ಮಿಲುಗಳು ನಾನ್‌ಹೈಜಿಗೇ ಮರಳಿದುವು. ಮರುವರ್ಷ ಬ್ರಿಟನ್ನಿನ ಮೃಗಾಲಯಗಳಿಂದ 39 ಸಾರಂಗಗಳು ಹಳದಿ ಸಮುದ್ರದ ತೀರದ ಡಾಫೆಂಗ್ ಎಂಬ ರಕ್ಷಿತ ಪ್ರದೇಶವನ್ನು ಸೇರಿದುವು. 1998ರಲ್ಲಿ ಅಲ್ಲಿಯ ಕೆಲವನ್ನು ಬೇಲಿಯ ಹೊರಗೆ ಬಯಲಿಗೆ ಬಿಡಲಾಯಿತು.

ಇದರಿಂದ ಮೃಗಾಲಯಗಳ ಹಿರಿಮೆಯೂ ಮಿತಿಯೂ ವ್ಯಕ್ತವಾಗುತ್ತವೆ. ಅವು ಸುಮಾರು ಎಂಬತ್ತೈದು ವರ್ಷಗಳ ಕಾಲ ಒಂದು ವಂಶವನ್ನು ಕಾಪಾಡಿದುವು. ಆದರೆ ಅದಕ್ಕೆ ಹುಟ್ಟುನೆಲವನ್ನು ಒದಗಿಸುವ ಶಕ್ತಿ ಅವುಗಳಿಗಿರಲಿಲ್ಲ. ಚೀನೀಯರು ಜೌಗುನೆಲವನ್ನು ಮೀಸಲಿಡದೆ ಹೋಗಿದ್ದರೆ, ಅಷ್ಟು ಜತನದಿಂದ ಉಳಿಸಿದ ಮಿಲುವು ಇಂದಿಗೂ ಪರದೇಶದ ಬೇಲಿಯೊಳಗಿನ ಅತಿಥಿಯಾಗಿಯೇ ಇರುತ್ತಿದ್ದಿತು.