ನಲವತ್ತು ದಿನಗಳ ನಂತರ: ಬೇರ್ಪಟ್ಟ ಹೊಟ್ಟೆಯ ಸ್ನಾಯುಗಳು ಮತ್ತು ಸುರಕ್ಷಿತ ಶ್ರಮದ ವಿಚಾರ

ಗರ್ಭ ಬೆಳೆದಂತೆ ಹೊಟ್ಟೆಯ ಮುಂಭಾಗದ ಎರಡು ಉದ್ದ ಸ್ನಾಯುಗಳ ನಡುವೆ ಇರುವ ಲೀನಿಯಾ ಆಲ್ಬಾ ಎಂಬ ನಾರುಪಟ್ಟಿ ಅಗಲವಾಗುತ್ತದೆ. ವೈದ್ಯರು ಡಯಾಸ್ಟಾಸಿಸ್ ರೆಕ್ಟೈ ಎನ್ನುವ ಈ ಸ್ಥಿತಿಯಲ್ಲಿ ಯಾವ ಶ್ರಮ ಸುರಕ್ಷಿತ? ಆ ಪ್ರಶ್ನೆಗೆ ಬಂದ ಉತ್ತರಗಳ ಚರಿತ್ರೆಯನ್ನು ಬೆಂಗಳೂರು ದಂಡು ಪ್ರದೇಶದ ಹಿನ್ನೆಲೆಯಲ್ಲಿ ಈ ಲೇಖನ ಪರಿಶೀಲಿಸುತ್ತದೆ.

ವಿಶ್ರಾಂತಿಯ ಕಟ್ಟಳೆ

1809ರಲ್ಲಿ ನೆಲೆಗೊಂಡ ದಂಡಿನಲ್ಲಿ ಬೌರಿಂಗ್, ಲೇಡಿ ಕರ್ಜನ್, ಘೋಷಾ ಆಸ್ಪತ್ರೆಗಳು ಹುಟ್ಟಿಕೊಂಡವು. ಹೆರಿಗೆ ಆಸ್ಪತ್ರೆಗೆ ಬಂದರೂ ಬಾಣಂತನ ಮನೆಯಲ್ಲೇ ಉಳಿಯಿತು. ಶಿವಾಜಿನಗರದ ಮುಸ್ಲಿಂ ಮನೆಗಳಲ್ಲಿ ಚಿಲ್ಲಾ ಎಂಬ ನಲವತ್ತು ದಿನಗಳ ವಿಶ್ರಾಂತಿ. ಹಲಸೂರಿನ ಕನ್ನಡ, ತಮಿಳು ಮನೆಗಳಲ್ಲಿ ಎಣ್ಣೆನೀರು, ಹಳೇ ಸೀರೆಯಿಂದ ಹೊಟ್ಟೆಕಟ್ಟು. ಕಟ್ಟು ತಾತ್ಕಾಲಿಕ ಆಸರೆ ಕೊಡುತ್ತದೆ. ಸ್ನಾಯುವಿಗೆ ಬಲ ತುಂಬುವುದು ಕ್ರಮಬದ್ಧ ಚಲನೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯೂ ಹೆರಿಗೆಯಾದ ಆರು ವಾರ ಹೆಣ್ಣನ್ನು ಕೆಲಸಕ್ಕೆ ಹಚ್ಚಬಾರದೆಂದಿತು. ಸಂಪ್ರದಾಯವೂ ಕಾನೂನೂ ವಿಶ್ರಾಂತಿಯನ್ನು ಕಾಪಾಡಿದವು. ದುಡಿಮೆಗೆ ಮರಳುವ ದಾರಿಯನ್ನು ಎರಡೂ ಹೇಳಿಕೊಡಲಿಲ್ಲ.

ನಿಷೇಧದ ಹಂತ

ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಜನಿಸಿದ ಬಿ.ಕೆ.ಎಸ್. ಅಯ್ಯಂಗಾರ್ 1966ರ ‘ಲೈಟ್ ಆನ್ ಯೋಗ’ದಲ್ಲಿ ಹೆರಿಗೆಯಾದ ಮೊದಲ ತಿಂಗಳು ಆಸನ ಬೇಡ, ಆಮೇಲೆ ಮೆಲ್ಲಗೆ ಆರಂಭಿಸಬಹುದು ಎಂದರು. 1976ರಲ್ಲಿ ಫಿಸಿಯೋಥೆರಪಿಸ್ಟ್ ಎಲಿಜಬೆತ್ ನೋಬಲ್ ಅವರು, ಹೊಟ್ಟೆಯನ್ನು ಕೈಗಳಿಂದ ಒತ್ತಿ ಹಿಡಿದು ತಲೆಯನ್ನಷ್ಟೇ ಎತ್ತುವ ವ್ಯಾಯಾಮವನ್ನು ಪ್ರಚಾರಕ್ಕೆ ತಂದರು. ಮಲಗಿ ಭುಜ ಎತ್ತುವ ಕರ್ಲ್-ಅಪ್ ಅಪಾಯಕಾರಿ ಎಂಬ ನಂಬಿಕೆಯೂ ವ್ಯಾಪಕವಾಯಿತು.

ಅಳತೆಯ ಹಂತ

2016ರಲ್ಲಿ ಪ್ರಕಟವಾದ ನಾರ್ವೆಯ 300 ಮಹಿಳೆಯರ ಅಧ್ಯಯನದಲ್ಲಿ ಹೆರಿಗೆಯಾದ ಆರು ವಾರಕ್ಕೆ ಶೇ. 60ರಷ್ಟು, ಒಂದು ವರ್ಷಕ್ಕೆ ಶೇ. 32.6ರಷ್ಟು ಮಂದಿಯಲ್ಲಿ ಬೇರ್ಪಡುವಿಕೆ ಕಂಡಿತು. ಅಂಥವರಲ್ಲಿ ಸೊಂಟನೋವು ಉಳಿದವರಿಗಿಂತ ಹೆಚ್ಚಿರಲಿಲ್ಲ. 2023ರಲ್ಲಿ ಅಲ್ಲಿಯದೇ ಇನ್ನೊಂದು ಪ್ರಯೋಗ, ಹೆರಿಗೆಯಾಗಿ 6ರಿಂದ 12 ತಿಂಗಳಾದ 70 ಮಹಿಳೆಯರನ್ನು ಆರಿಸಿಕೊಂಡಿತು. ಅವರಲ್ಲಿ ಒಂದು ಗುಂಪು 12 ವಾರ ಕರ್ಲ್-ಅಪ್ ಮಾಡಿದರೂ ಅಂತರ ಹೆಚ್ಚಲಿಲ್ಲ, ಸ್ನಾಯುಬಲ ಹೆಚ್ಚಿತು. ಹಸಿ ಬಾಣಂತಿಗೆ ಈ ಫಲಿತಾಂಶವನ್ನು ಹಾಗೆಯೇ ಅನ್ವಯಿಸಲಾಗದು. ಆದರೆ ಶಾಶ್ವತ ನಿಷೇಧಕ್ಕೆ ಆಧಾರವಿಲ್ಲ ಎಂಬುದು ಇದರಿಂದ ಸ್ಪಷ್ಟ.

ಫಲಿತಾರ್ಥ

ಸುರಕ್ಷತೆ ನಿಂತಿರುವುದು ಭಾರವನ್ನು ಏರಿಸುವ ಕ್ರಮದ ಮೇಲೆ, ದೇಹ ಅದಕ್ಕೆ ಸ್ಪಂದಿಸುವ ರೀತಿಯ ಮೇಲೆ. ನಡಿಗೆ, ಉಸಿರಾಟ, ಒಳಹೊಟ್ಟೆ ಮತ್ತು ಕಿಬ್ಬೊಟ್ಟೆಯ ತಳದ ಸ್ನಾಯುಗಳ ಬಿಗಿತದಿಂದ ತೊಡಗಬೇಕು. ಹೊಟ್ಟೆಯ ನಡುಗೆರೆ ಉಬ್ಬಿದರೆ, ನೋವು ಬಂದರೆ, ಮೂತ್ರ ಸೋರಿದರೆ ಭಾರ ಇಳಿಸಿ ಫಿಸಿಯೋಥೆರಪಿಸ್ಟರನ್ನು ಕಾಣಬೇಕು. ನೋವಿನ ಗಂಟು ಕಂಡರೆ ಹರ್ನಿಯಾ ಇದೆಯೇ ಎಂದು ವೈದ್ಯರು ಪರೀಕ್ಷಿಸಬೇಕು. ಸಿಸೇರಿಯನ್ ಆದವರು ಗಾಯ ಮಾಗಿದೆಯೆಂದು ವೈದ್ಯರು ಹೇಳಿದ ಮೇಲೆಯೇ ಮುಂದುವರಿಯಬೇಕು.

ಇಂದಿರಾನಗರದ ಜಿಮ್‌ನಲ್ಲಿ ಭಾರ ಎತ್ತುವವಳಿಗೆ ತರಬೇತುದಾರರ ನೆರವು ಸಿಗಬಹುದು. ಕೆ.ಆರ್. ಪುರದ ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊರುವವಳಿಗೂ ಆ ತಿಳಿವಳಿಕೆ ಅಷ್ಟೇ ಅಗತ್ಯ. ಆಶಾ ಕಾರ್ಯಕರ್ತೆಯರು ಮಗುವನ್ನು ನೋಡಲು 42ನೆಯ ದಿನದವರೆಗೂ ಮನೆಗೆ ಬರುತ್ತಾರೆ. ಅದೇ ಭೇಟಿಯಲ್ಲಿ ತಾಯಿಯ ಹೊಟ್ಟೆಯ ಬಗ್ಗೆಯೂ ಕೇಳಿ, ಭಾರ ಎತ್ತುವ ಕ್ರಮವನ್ನು ತೋರಿಸಿಕೊಡುವ ವ್ಯವಸ್ಥೆಯಾಗಬೇಕು.