ಕುದಿಸಿದ್ರ ಎಲ್ಲಾ ಹೋಗ್ತದಾ? (ನೀರಿನ ಕಥಿ, ಭಾಗ 4)

ಫೋಟೋದಾಗಿರೋ ಗೋಲಿ ಸೋಡಾ ನಮ್ಮ ಖೂಬಾ ಪ್ಲಾಟ್‌ದು. ಕ್ಲಾಸ್ ಮುಗಿಸಿ ನಾಲ್ಕು ಮಂದಿ ನಿಂತಿದ್ದೆವು. ಕಮಲಾಪುರದಿಂದ ದಿನಾ ಬಸ್ಸಿಗೆ ಬರೋ ಗೆಳತಿ ಕೇಳಿದಳು: "ನಮ್ಮನ್ಯಾಗ ಬೋರಿನ ನೀರು ಕುದಿಸೇ ಕುಡೀತೀವಿ. ಏನಿದ್ರೂ ಆವಿ ಜೊತಿ ಹೋಗಿಬಿಡ್ತದಲ್ಲಾ?" ನಮ್ಮಲ್ಲಿ ಯಾರ ಹತ್ರಾನೂ ಸರಿಯಾದ ಉತ್ತರ ಇರಲಿಲ್ಲ.

ಉತ್ತರ ಶುರುವಾಗೋದು ಕೈಯಲ್ಲಿದ್ದ ಸೋಡಾದಿಂದಲೇ. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ವಿಲಿಯಂ ಹೆನ್ರಿ (1774–1836) ಅಂತ ಒಬ್ಬ ಇದ್ದ. ಅಪ್ಪ ಥಾಮಸ್ ಔಷಧಿ ತಯಾರಿಸಿ ಮಾರ್ತಿದ್ದ, ಸೋಡಾ ನೀರೂ ಮಾಡ್ತಿದ್ದ. ಮಗ ಬೇರೆ ಬೇರೆ ಅನಿಲಗಳನ್ನು ನೀರಿಗೆ ತುಂಬಿ ಅಳೆದ. 1803ರಲ್ಲಿ ಪ್ರಕಟವಾದ ಅವನ ನಿಯಮ ಇಷ್ಟೇ: ನೀರಿನ ಮೇಲೆ ಅನಿಲದ ಒತ್ತಡ ಎರಡು ಪಟ್ಟಾದರೆ, ಕರಗುವ ಅನಿಲವೂ ಎರಡು ಪಟ್ಟು. ಗೋಲಿ ಒತ್ತಿದಾಗ ಒತ್ತಡ ಬಿಡ್ತದ, ಗುಳ್ಳೆ ಏಳ್ತಾವ. (ಗೋಲಿ ಬಾಟಲಿ ಹೆನ್ರಿ ಕಾಲದ್ದಲ್ಲ. ಹಿರಾಮ್ ಕಾಡ್ ಅದಕ್ಕೆ ಪೇಟೆಂಟ್ ಪಡೆದದ್ದು 1872ರಲ್ಲಿ.)

ಈಗ ಮುಚ್ಚಿದ ಡಬ್ಬಿಯೊಳಗ ಒಂದು ಲೀಟರ್ ನೀರು, ಒಂದು ಲೀಟರ್ ಗಾಳಿ ಅದ ಅಂದ್ಕೊಳ್ರಿ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸೋಡಾದ ಕಾರ್ಬನ್ ಡೈಆಕ್ಸೈಡ್ ಎರಡೂ ಕಡೆ ಹೆಚ್ಚುಕಮ್ಮಿ ಸಮ ಹಂಚಿಕೊಳ್ತದ. ಕ್ಲೋರೋಫಾರ್ಮ್ ಆದ್ರೆ ನೀರಲ್ಲಿರೋದರ ಸುಮಾರು ಏಳನೇ ಒಂದು ಪಾಲು ಗಾಳಿಯಲ್ಲಿ. ಫೀನಾಲ್ ಅರವತ್ತು ಸಾವಿರದಲ್ಲಿ ಒಂದು ಪಾಲು! ಈ ಅನುಪಾತಕ್ಕೇ ಹೆನ್ರಿ ಸ್ಥಿರಾಂಕ ಅಂತ ಹೆಸರು.

ಕ್ಲೋರೋಫಾರ್ಮ್ ಕುಡಿಯೋ ನೀರಿಗೆ ಯಾಕ ಬಂತು ಅಂತೀರಾ? ನದಿ ನೀರಿನಲ್ಲಿ ಕೊಳೆತ ಎಲೆ-ಕಸದ ಅಂಶಕ್ಕೆ ಕ್ಲೋರಿನ್ ಸೇರಿದಾಗ ಅದು ಹುಟ್ತದ ಅಂತ 1974ರಲ್ಲಿ ರಾಟರ್‌ಡ್ಯಾಮ್‌ನ ಯೋಹಾನಸ್ ರೂಕ್ ತೋರಿಸಿದರು. ಬಾಯಿ ತೆರೆದ ಪಾತ್ರೆಯಲ್ಲಿ ಕುದಿಸಿದರೆ ಅದರ ಬಹುಪಾಲು ಹೊರಗೆ ಹೋಗ್ತದ. ಅಂದ್ರೆ ಇಲ್ಲಿ ಗೆಳತಿ ಹೇಳಿದ್ದು ಖರೆ.

ಆದರೆ ಸಾವಿರಾರು ರಾಸಾಯನಿಕಗಳನ್ನ ಒಂದೊಂದಾಗಿ ಅಳೆಯೋರು ಯಾರು? ಅದಕ್ಕೆ ಅಂದಾಜು ಬೇಕಾಯ್ತು. ಹಳೆ ದಾರಿ: ವಸ್ತುವಿನ ಆವಿ ಒತ್ತಡವನ್ನು ಅದು ನೀರಲ್ಲಿ ಎಷ್ಟು ಕರಗ್ತದೋ ಅದರಿಂದ ಭಾಗಿಸೋದು. ನನಗೆ ಭಾಳ ಆಶ್ಚರ್ಯ ಆಗಿದ್ದು ಡಿಡಿಟಿ. ಪುಡಿ ಇಟ್ಟರೆ ಆವಿಯಾಗೋದೇ ಕಾಣಲ್ಲ. ಆದರೆ ನೀರಲ್ಲೂ ಕರಗಲ್ಲ ನೋಡ್ರಿ, ಹಂಗಾಗಿ ನೀರಿನಿಂದ ಗಾಳಿಗೆ ಹೋಗೋದರಲ್ಲಿ ವಾಸನೆ ಹೊಡೆಯೋ ಫೀನಾಲನ್ನೂ ಮೀರಿಸ್ತದ. ಮೂಗು ನಂಬಬೇಡ್ರಿ.

1975ರಲ್ಲಿ ಜ್ಯಾಕ್ ಹೈನ್ ಮತ್ತು ಪ್ರದೀಪ್ ಮುಖರ್ಜಿ ಇನ್ನೊಂದು ದಾರಿ ತೋರಿಸಿದರು: ಅಣುವಿನ ಒಂದೊಂದು ಬಂಧಕ್ಕೂ ಅಂಕ ಕೊಟ್ಟು ಕೂಡಿಸೋದು. ಬೆಂಜೀನ್‌ನ ಒಂದು ಹೈಡ್ರೋಜನ್ ತೆಗೆದು ಆಕ್ಸಿಜನ್-ಹೈಡ್ರೋಜನ್ ಜೋಡಿ ಕೂಡಿಸಿದರೆ ಫೀನಾಲ್ ಆಗ್ತದ. ಅಷ್ಟಕ್ಕೇ ಗಾಳಿಗೆ ಹಾರುವ ಗುಣ ಹತ್ತು ಸಾವಿರ ಪಟ್ಟಿಗಿಂತ ಹೆಚ್ಚು ಇಳೀತದ, ಆ ಜೋಡಿ ನೀರನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಳ್ತದ. 1991ರಲ್ಲಿ ಮೇಲನ್ ಮತ್ತು ಹೋವರ್ಡ್ ಈ ಲೆಕ್ಕವನ್ನು ಬೆಳೆಸಿದರು. ಇವತ್ತು ಅದು ಕಂಪ್ಯೂಟರ್ ಕೆಲಸ.

ಆದರೆ ಕುದಿಸಿದರೂ ಹೋಗದ ವಸ್ತುಗಳ ಗುಂಪೇ ಬೇರೆ: ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್. ಇವು ಉಪ್ಪಿನ ಹಾಗೆ ಕರಗಿ ಕೂತಿರ್ತಾವ, ಗಾಳಿಗೆ ದಾರಿಯೇ ಇಲ್ಲ. ಇದು ದೂರದ ಮಾತಲ್ಲ. ಮೊದಲು ನಮ್ಮ ಜಿಲ್ಲೆಯಲ್ಲೇ ಇದ್ದ, ಈಗ ಯಾದಗಿರಿಗೆ ಸೇರಿದ ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದಲ್ಲಿ, ಮಂಗಳೂರು ಚಿನ್ನದ ಗಣಿಯ ಸೀಮೆಯಲ್ಲಿ, ಆರ್ಸೆನಿಕ್‌ನಿಂದ ಜನರ ಚರ್ಮಕ್ಕೆ ರೋಗ ಬಂದದ್ದನ್ನು ಜಾಧವ್‌ಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ತಂಡ 2013ರಲ್ಲಿ ಪ್ರಕಟಿಸಿತು. ಅಂಥ ನೀರು ಕುದಿಸಿದರೆ ಕ್ರಿಮಿ ಸಾಯ್ತಾವ, ಅದು ಬೇಕೇ ಬೇಕು. ಆದರೆ 10 ಲೀಟರ್ ಕುದ್ದು 8 ಆದರೆ, ಆರ್ಸೆನಿಕ್ ಇದ್ದಷ್ಟೇ ಇರ್ತದ. ಲೀಟರಿಗೆ ಲೆಕ್ಕ ಹಾಕಿದ್ರೆ ಕಾಲು ಭಾಗ ಹೆಚ್ಚೇ ಆಯ್ತು.

ಗೆಳತಿ ಮೊನ್ನೆ ಬೋರಿನ ನೀರು ಬಾಟಲಿಯಲ್ಲಿ ತುಂಬ್ಕೊಂಡು ಬಂದು ಟೆಸ್ಟಿಗೆ ಕೊಟ್ಟಾಳ. ರಿಪೋರ್ಟ್ ಇನ್ನೂ ಬಂದಿಲ್ಲ.

#ಖೂಬಾಪ್ಲಾಟ್ #ಕಲಬುರಗಿ #ಕಮಲಾಪುರ #ನೀರಿನಕಥಿ